ಮಾಲಿಪಾಟೀಲರ ತೋಟ

ಹೋದ ವರ್ಷ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟ ಹೊತ್ತು. ಒಂದು ಐತವಾರ ಸಂಜೆ, ಕಲಬುರಗಿಯ ನಮ್ಮ ಮನೆ ಮುಂದಿನ ಕಟ್ಟಿಯ ಮೇಲೆ ಸುಸಲಾ ತಿಂದು ಚಹಾ ಕುಡಿಯುತ್ತ ಕೂತಿದ್ದಾಗ ಸಿಂಗಪುರದಿಂದ ಮೊಮ್ಮಗಳ ಫೋನು ಬಂತು. ಅವಳಿಗೆ ಒಂಬತ್ತು ವರ್ಷ. ಊಟ ಆಯ್ತಾ, ಮಳಿ ಆಯ್ತಾ ಅನ್ನುವ ಉಪಚಾರವೆಲ್ಲ ಅವಳಿಗೆ ಬೇಡ. "ಮುತ್ಯಾ, ನಮ್ಮ ಅಡ್ಡಹೆಸರಿನ ಅರ್ಥ ಏನು?" ಅಂತ ನೇರ ಕೇಳಿದಳು. ಅವರ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಮನೆತನದ ಹೆಸರು ಎಲ್ಲಿಂದ ಬಂತು ಅಂತ ಒಂದು ಹಾಳೆ ಬರೆದುಕೊಂಡು ಬರಬೇಕಂತೆ. ಅವಳ ಪಕ್ಕದಲ್ಲಿ ಕೂಡುವ ಚೀನೀ ಹುಡುಗಿಯ ಮನೆತನ 'ವಾಂಗ್'. ವಾಂಗ್ ಅಂದರೆ ರಾಜ. ಮೂರು ಅಡ್ಡಗೀರು, ಒಂದು ಉದ್ದಗೀರು, ನಾಲ್ಕೇ ಗೀರಿನಲ್ಲಿ ಅವಳ ಹೆಸರು ಬರೆದು ಮುಗಿಯುತ್ತದೆ, ಅರ್ಥವೂ ಮುಗಿಯುತ್ತದೆ. ನಮ್ಮದು ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಮಾಲಿಪಾಟೀಲ.

ಉತ್ತರಕ್ಕಾಗಿ ಕಾಯುವ ಕೂಸೂ ಅಲ್ಲ ಅದು. ಆಗಲೇ ಎಲ್ಲೋ ಹುಡುಕಿ, ಮಾಲಿ ಅಂದರೆ ತೋಟಗಾರ, ಪಾಟೀಲ ಅಂದರೆ ಊರಿನ ಹಿರಿಯ, ಎರಡನ್ನೂ ಕೂಡಿಸಿದರೆ ತೋಟಗಾರರ ಹಿರಿಯ ಅಂತ ಸಿದ್ಧಾಂತ ಮಾಡಿ, ಪಟಗಾ ಸುತ್ತಿಕೊಂಡು ಝಾರಿ ಹಿಡಿದು ಹೂವಿನ ಗಿಡಕ್ಕೆ ನೀರು ಹಾಕುವ ಮುತ್ಯಾನ ಚಿತ್ರವನ್ನೂ ಬರೆದು ಬಣ್ಣ ತುಂಬಿದ್ದಳು. ಚಿತ್ರ ಚೆನ್ನಾಗಿತ್ತು. ಮೀಸೆಯಂತೂ ನನ್ನದೇ. ಅದು ತಪ್ಪು ಅಂತ ಆ ಹೊತ್ತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಅದೇ ತೋಟದಲ್ಲಿ ನಾನೂ ನನ್ನ ಬಾಲ್ಯವನ್ನೆಲ್ಲ ಕಳೆದವನು.

ನಮ್ಮ ಊರು ಕಮಲಾಪುರದ ಸೀಮೆಯದು. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಮಹಾಗಾಂವ ಕ್ರಾಸು ದಾಟಿ ಹೋದರೆ ಕರಿಮಣ್ಣಿನ ಬಯಲು ಸರಿದು, ನೆಲ ಕೆಂಪಗಾಗುತ್ತ, ಅಲ್ಲಲ್ಲಿ ಗುಡ್ಡ ತಲೆ ಎತ್ತುತ್ತ ಬರುತ್ತದೆ. ಈಗ ಕಮಲಾಪುರವೇ ಒಂದು ತಾಲ್ಲೂಕು. 2017ರಲ್ಲಿ ಬೀದರಿನ ರೈಲು ಶುರುವಾದ ಮೇಲೆ ಸ್ಟೇಷನ್ನೂ ಬಂತು. ಆದರೆ ಕಮಲಾಪುರ ಅಂದಕೂಡಲೇ ನಮ್ಮ ಕಡೆಯವರ ಬಾಯಲ್ಲಿ ಬರುವುದು ತಾಲ್ಲೂಕೂ ಅಲ್ಲ, ರೈಲೂ ಅಲ್ಲ, ಕೆಂಪು ಬಾಳೆಹಣ್ಣು. ಜಿ.ಐ. ಟ್ಯಾಗು ಪಡೆದ ಹಣ್ಣು ಅದು. ಸಿಪ್ಪೆ ಕೆಂಪು, ದಪ್ಪ ದೇಹ, ಒಂದು ತಿಂದರೆ ಅರ್ಧ ಊಟ. ಉಳಿದ ಬಾಳೆ ವರ್ಷಕ್ಕೆಲ್ಲ ಗೊನೆ ಕೊಟ್ಟು ಕೈ ತೊಳೆದುಕೊಂಡರೆ ಇದು ಒಂದೂವರೆ ವರ್ಷದ ತನಕ ತಪಸ್ಸಿಗೆ ಕೂತಂತೆ ಕೂತು ಆಮೇಲೆ ಪ್ರಸನ್ನವಾಗುತ್ತದೆ. ನಮ್ಮ ಮುತ್ಯಾನ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ, ಇಂಥ ನಾಲ್ಕು ಗಿಡ ಇದ್ದವು. ಮುತ್ಯಾ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಆ ನಾಲ್ಕೂ ಗಿಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಆಮೇಲೆ ರೊಟ್ಟಿಗೆ ಕೂಡುತ್ತಿದ್ದ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಮಾಸ್ತರರೊಬ್ಬರು ಹಾಜರಿ ಕರೆಯುತ್ತ ಕರೆಯುತ್ತ ನನ್ನ ಹೆಸರಿನ ಹತ್ತಿರ ನಿಂತು, "ಮಾಲಿ ಅಂದ್ರ ತೋಟಗಾರ. ನಿಮ್ಮ ಹಿರ್ಯಾರು ಯಾವುದರ ಬಾದಶಹನ ಬಾಗದಾಗ ಹೂವಿನ ಗಿಡ ಹಚ್ಚಿರಬೇಕು ನೋಡು ತಮ್ಮಾ" ಅಂದರು. ಪ್ರೀತಿಯಿಂದಲೇ ಅಂದರು. ಆ ಮಾತು ಎಷ್ಟು ಆಳಕ್ಕೆ ಇಳಿಯಿತೆಂದರೆ, ಹಿತ್ತಲಿನ ನಾಲ್ಕು ಬಾಳೆಗಿಡಗಳು ಅವತ್ತಿನಿಂದ ನನಗೆ ಬಾಳೆಗಿಡಗಳಾಗಿ ಉಳಿಯಲಿಲ್ಲ. ಒಂದು ಅಳಿದುಹೋದ ಮಹೋದ್ಯಾನದ ಅವಶೇಷಗಳಾದವು. ಮುತ್ಯಾ ಅವುಗಳನ್ನು ಮುಟ್ಟುವುದು ವಂಶಪಾರಂಪರ್ಯ ಕರ್ತವ್ಯವಾಯಿತು. ಮುಂದೆ ಒಂದು ಬೇಸಿಗೆ ಸೂಟಿಯಲ್ಲಿ ಅಪ್ಪ ನನ್ನನ್ನು ಕಲಬುರಗಿಗೆ ಕರೆದುಕೊಂಡು ಬಂದು ಶರಣಬಸವೇಶ್ವರ ಗುಡಿ, ಬಂದೇನವಾಜರ ದರ್ಗಾ ತೋರಿಸಿ ಕೋಟೆಗೆ ಕರೆದೊಯ್ದರು. ಅಲ್ಲಿ ನಾನು ಹುಡುಕಿದ್ದು ತೋಟವನ್ನು. ಕಂಡಿದ್ದು ಜಾಲಿ ಮುಳ್ಳು ಮತ್ತು ಮೇಯುವ ಆಡು. ಜಾಮಿ ಮಸೀದಿಯ ಒಳಗಾದರೂ ಅಂಗಳವಿದ್ದು, ಅಂಗಳದಲ್ಲಿ ಹೂವಿನ ಮಡಿ ಇದ್ದೀತು ಅಂದರೆ ಅದೂ ಇಲ್ಲ. 1367ರಲ್ಲಿ ಕಟ್ಟಿದ ಆ ಮಸೀದಿಯ ವಿಶೇಷವೇ ಅದು, ಬೇರೆ ದೊಡ್ಡ ಮಸೀದಿಗಳ ಹಾಗೆ ನಡುವೆ ಬಯಲು ಬಿಡದೆ ಪೂರ್ತಿ ಛಾವಣಿ ಹೊದಿಸಿದ್ದಾರೆ. ವಾಸ್ತುಶಿಲ್ಪದ ಪಂಡಿತರು ಬೆರಗಾಗಿ ನೋಡುವ ಆ ಕಮಾನುಗಳ ಕೆಳಗೆ ನಿಂತು, ನಮ್ಮ ಹಿರಿಯರಿಗೆ ಇಲ್ಲಿ ಗಿಡ ಹಚ್ಚಲು ಜಾಗವೇ ಬಿಡಲಿಲ್ಲವಲ್ಲ ಅಂತ ನಾನು ಅತ್ತಿದ್ದೆ. ಹಸಿವಾಗಿರಬೇಕು ಅಂತ ಅಪ್ಪ ಮಿರ್ಚಿ ಭಜಿ ಕೊಡಿಸಿದರು.

ತೋಟ ಒಣಗಿದ್ದು 1993ರಲ್ಲಿ. ಅದರ ಹಿಂದಿನ ವರ್ಷ ಮುತ್ಯಾ ಎಂಬತ್ತೇಳರ ವಯಸ್ಸಿನಲ್ಲಿ ತೀರಿಕೊಂಡಿದ್ದ. ಹೊಲದ ಹಂಚಿಕೆ ಮಾಡಬೇಕೆಂದು ಅಪ್ಪ, ಕಾಕಾ ಎಲ್ಲ ಸೇರಿ ಪಡಸಾಲಿಯ ಮೂಲೆಯ ಕಬ್ಬಿಣದ ಟ್ರಂಕು ತೆಗೆದರೆ, ಕೆಂಪು ಬಟ್ಟೆಯ ಒಂದು ದಫ್ತರದ ಗಂಟು ಸಿಕ್ಕಿತು. ಒಳಗೆಲ್ಲ ಉರ್ದು ಕಾಗದ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಉರ್ದು ಓದಿದವರು. ಅಪ್ಪನೂ ಹಾಗೇ ಓದಿದವರು, ಅಚ್ಚಾದ ಉರ್ದು ಅವರಿಗೆ ಸಲೀಸು. ಆದರೆ ಈ ಕಾಗದಗಳದು ಶಿಕಸ್ತಾ ಕೈಬರಹ. ಶಿಕಸ್ತಾ ಅಂದರೆ ಮುರಿದದ್ದು ಅಂತ ಅರ್ಥ. ಕಚೇರಿಯ ಗುಮಾಸ್ತರು ಲೇಖಣಿ ಎತ್ತದೆ ಓಡಿಸಿಕೊಂಡು ಹೋದ ಅಕ್ಷರ, ಮಳೆಯಲ್ಲಿ ಇರುವೆಸಾಲು ಚದುರಿದಂತೆ ಕಾಣುತ್ತಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಕೊನೆಗೆ ಕೈಚೆಲ್ಲಿದರು. ಆಗ ನಮಗೆ ನೆನಪಾದವರು ಕಲಬುರಗಿಯ ರೋಜಾ ಮೊಹಲ್ಲಾದ ಚಾಚಾ, ಉರ್ದು ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾಗಿ, ದರ್ಗಾದ ಹತ್ತಿರದ ಓಣಿಯಲ್ಲಿ ಕಿಟಕಿ ಪಕ್ಕ ಕೂತು ಊರವರ ಹಳೇ ಕಾಗದ ಓದಿಕೊಡುತ್ತಿದ್ದವರು. ಅದಕ್ಕೆ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಒಂದು ಕಪ್ಪು ಚಹಾ ಅವರೇ ಕುಡಿಸುತ್ತಿದ್ದರು.

ಚಾಚಾ ಮೊದಲನೇ ಕಾಗದವನ್ನು ಬೆಳಕಿಗೆ ಹಿಡಿದು, 1341 ಫಸಲಿ ಅಂದರು. ಫಸಲಿ ಕಂದಾಯದ ವರ್ಷ, ಫಸಲಿನ ಲೆಕ್ಕದ್ದು. ಅದಕ್ಕೆ 590 ಕೂಡಿಸಿದರೆ ನಮ್ಮ ಕ್ಯಾಲೆಂಡರಿನ ಇಸವಿ ಬರುತ್ತದೆ, ಅಂದರೆ 1931. ನಮ್ಮ ಮುತ್ಯಾನ ಹೆಸರು, ಮುತ್ಯಾನ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಓದಿ, "ಮಾಲೀ ಪಟೇಲ್" ಅಂತ ಬೆರಳಿಟ್ಟರು. ನಾನು ಮೂವತ್ತೈದು ವರ್ಷದ ಬ್ಯಾಂಕ್ ನೌಕರ, ಆದರೂ ಮೂರನೇ ಇಯತ್ತೆಯ ಹುಡುಗನ ಉತ್ಸಾಹದಿಂದ, "ತೋಟ ಎಲ್ಲಿತ್ತಂತ ಬರದಾರ ಏನ್ರಿ ಚಾಚಾ?" ಅಂತ ಕೇಳಿಬಿಟ್ಟೆ. "ಯಾವ ತೋಟ ಬೇಟಾ?" ಅಂದರು. ಹೇಳಿದೆ. ಚಾಚಾ ಕಾಗದ ಕೆಳಗಿಟ್ಟು, ಗಡ್ಡ ನೀವಿಕೊಂಡು ಮನಸಾರೆ ನಕ್ಕು, ಒಂದು ಚೀಟಿಯ ಮೇಲೆ ನಾಲ್ಕಕ್ಷರ ಬರೆದರು. ಮೀಮ್, ಅಲಿಫ್, ಲಾಮ್, ಯೇ. "ಇದು ಮಾಲೀ, ತೋಟಗಾರ." ಅದರ ಕೆಳಗೆ ಅವೇ ನಾಲ್ಕಕ್ಷರ ಮತ್ತೆ ಬರೆದರು. "ಇದೂ ಮಾಲೀ. ಮಾಲಿನದು. ಮಾಲ್ ಅಂದ್ರ ರೊಕ್ಕ, ಸರಕಾರದ ಕಂದಾಯ. ನಿಮ್ಮ ಮುತ್ಯಾ ಹೂವಿಗೆ ನೀರು ಹಾಕಾಂವ ಅಲ್ಲ, ಊರಿನ ಕಂದಾಯ ವಸೂಲ್ ಮಾಡಾಂವ."

ಎರಡು ಮಾಲಿಗಳಿಗೆ ನೋಡಲು ಕೂದಲೆಳೆಯಷ್ಟೂ ಭೇದವಿಲ್ಲ, ಆದರೆ ಬಂದದ್ದು ಎರಡು ದಿಕ್ಕಿನಿಂದ. ತೋಟದ ಮಾಲಿ ಸಂಸ್ಕೃತದ ಮಾಲೆಯಿಂದ, ಹೂ ಕಟ್ಟುವವನಿಂದ ಬಂದವನು. ನಮ್ಮ ಕನ್ನಡದಲ್ಲಿ ಹೂಗಾರ ಅಂತ ಅವನಿಗೆ ಬೇರೆಯೇ ಅಡ್ಡಹೆಸರಿದೆ. ಕಂದಾಯದ ಮಾಲಿ ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಮನೆಗೆ ಬಂದವನು. ಕಲಬುರಗಿಯ ಗಂಜ್‌ನಲ್ಲಿ ತೊಗರಿ ಮಾರುವ ರೈತ ಮಾಲು ಬಂತು, ಮಾಲು ಹೋಯ್ತು ಅನ್ನುವಾಗಲೂ ಇದೇ ಮಾಲು. ಇದರ ಜೊತೆ ಮಾಲೀಕನನ್ನೂ ಕೂಡಿಸಿಬಿಡೋಣ ಅಂತ ನಾನು ಆಸೆಪಟ್ಟೆ. ಚಾಚಾ ಬಿಡಲಿಲ್ಲ. ಮಾಲೀಕನೂ ಅರಬ್ಬಿಯವನೇ, ಆದರೆ ಅವನ ಧಾತು ಬೇರೆ, ಒಡೆತನದ್ದು. ವ್ಯಾಕರಣದಲ್ಲಿ ಚಾಚಾ ಬಹಳ ಕಟ್ಟುನಿಟ್ಟು.

ಅವತ್ತು ಅವರ ಕಿಟಕಿಯ ಪಕ್ಕದಲ್ಲಿ ನನಗೆ ಒಂದು ಇಡೀ ರಾಜ್ಯಾಡಳಿತದ ಪಾಠವಾಯಿತು. ನಿಜಾಮನ ದಿವಾನನಾಗಿ 1853ರಲ್ಲಿ ಬಂದ ಸಾಲಾರ್ ಜಂಗ್, ಮೂವತ್ತು ವರ್ಷ ಆ ಗಾದಿಯ ಮೇಲಿದ್ದು, ಕಂದಾಯವನ್ನು ಗುತ್ತಿಗೆಗೆ ಕೊಟ್ಟು ಕೈಕಟ್ಟಿ ಕೂತಿದ್ದ ಸಂಸ್ಥಾನವನ್ನು 1865ರ ಜಿಲಾಬಂದಿಯಲ್ಲಿ ಜಿಲ್ಲೆಗಳಾಗಿ ಕಟ್ಟಿ, ಸಂಬಳದ ಅಧಿಕಾರಿಗಳ ಕೈಗೆ ಕೊಟ್ಟ. ಆ ಏಣಿಯ ಕಟ್ಟಕಡೆಯ ಮೆಟ್ಟಿಲು ಹಳ್ಳಿ. ಹಳ್ಳಿಯಲ್ಲಿ ಕಂದಾಯಕ್ಕೆ ಒಬ್ಬ ಪಟೇಲ, ಕಳವು ಜಗಳ ಕೊಲೆಗಳ ವರದಿಗೆ ಇನ್ನೊಬ್ಬ ಪಟೇಲ, ಲೆಕ್ಕ ಬರೆಯಲು ಪಟವಾರಿ. ಕಂದಾಯದವನು ಮಾಲೀ ಪಟೇಲ, ಇನ್ನೊಬ್ಬ ಪೊಲೀಸ್ ಪಟೇಲ. ಭೀಮೆಯ ಆಚೆ ಮುಂಬಯಿ ಪ್ರಾಂತದಲ್ಲಿ ಕಂದಾಯದವನನ್ನು ಮುಲ್ಕಿ ಪಾಟೀಲ ಅಂದರು, ಅಂತಲೇ ಆ ಕಡೆ ಮುಲ್ಕಿಪಾಟೀಲರೂ ಇದ್ದಾರೆ. ಪಟೇಲ ಅನ್ನಿ ಪಾಟೀಲ ಅನ್ನಿ, ಅದು ದಖ್ಖನಿನ ಹಳೇ ತಾಮ್ರಪಟಗಳಲ್ಲಿ 'ಪಟ್ಟಕಿಲ' ಅಂತ ಸಿಗುವ ಊರ ಅಧಿಕಾರಿಯ ಹೆಸರು, ಸವೆದು ಸವೆದು ಈ ಆಕಾರಕ್ಕೆ ಬಂದದ್ದು. ಅಂದರೆ ನಮ್ಮ ಅಡ್ಡಹೆಸರಿನಲ್ಲಿ ಒಂದು ತುದಿಗೆ ಅರಬಸ್ತಾನ, ಇನ್ನೊಂದು ತುದಿಗೆ ತಾಮ್ರಪಟ.

ನಮ್ಮ ಸೊಸೆಯ ತವರು ಇದಕ್ಕಿಂತ ಒಂದು ಕೈ ಮೇಲು. ಅವರು ಅಫಜಲಪುರದ ಕಡೆಯ ಪೊಲೀಸ್‌ಪಾಟೀಲರು. ಪೊಲೀಸ್ ಅನ್ನುವ ಮಾತಿನ ಬೇರು ಗ್ರೀಕರ 'ಪೊಲಿಸ್', ಅಂದರೆ ನಗರ. ಅಥೆನ್ಸಿನ ನಗರ ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಎಲ್ಲ ಸುತ್ತಿ ಭೀಮಾ ತೀರದ ಒಂದು ಹಳ್ಳಿಯ ಅಗಸಿಯೊಳಗೆ ಬಂದು ಪಟ್ಟಕಿಲನ ಕೈ ಹಿಡಿಯಿತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಮಗನ ಮದುವೆಯಲ್ಲಿ ಎರಡೂ ಕಡೆಯ ಹಿರಿಯರು ಒಂದೇ ಜಮಖಾನೆಯ ಮೇಲೆ ಕೂತು, ಕಂದಾಯಕ್ಕೂ ಕಾನೂನಿಗೂ ಇವತ್ತು ಗಂಟು ಬಿತ್ತು ಅಂತ ಅಕ್ಷತೆ ಹಾಕಿದರು. ಹಳೇ ಕಾಲದಲ್ಲಿ ಒಂದೇ ಊರಿನ ಮಾಲಿಪಾಟೀಲರಿಗೂ ಪೊಲೀಸ್‌ಪಾಟೀಲರಿಗೂ ಮಾತಿರುತ್ತಿರಲಿಲ್ಲ ಅಂತ ನಮ್ಮ ಆಯಿ, ಮುತ್ಯಾನ ಹೆಂಡತಿ, ಹೇಳುತ್ತಿದ್ದಳು. ಜಾತ್ರೆಯಲ್ಲಿ ಮೊದಲನೇ ಕಾಯಿ ಯಾರದು ಅನ್ನುವ ಮಾತಿಗೇ ಮೂರು ವರ್ಷ ಮುನಿಸು ನಡೆಯುತ್ತಿತ್ತಂತೆ.

ಫೋನಿಟ್ಟ ಮೇಲೆ ಮೊಮ್ಮಗಳ ಗೆಳತಿಯ 'ವಾಂಗ್' ನನ್ನ ತಲೆಯಲ್ಲಿ ಕೂತಿತು. ನಿವೃತ್ತನಿಗೆ ಸಮಯಕ್ಕೇನು ಬರ. ವಾರಗಟ್ಟಲೆ ಚೀನೀಯರ ಮನೆತನದ ಹೆಸರುಗಳನ್ನೇ ಓದಿದೆ, ಓದಿದಷ್ಟೂ ನಮ್ಮ ಕಮಲಾಪುರದ ಕಟ್ಟಿಯ ಮೇಲೆ ಕೂತು ಕೇಳಿದ ಮಾತುಗಳೇ ಎದುರಾದವು. ವಾಂಗ್ ಅನ್ನುವ ಹೆಸರಿನವರೆಲ್ಲ ಸಿಂಹಾಸನದ ಮೇಲೆ ಕೂತವರ ಮಕ್ಕಳಲ್ಲ. ಪಟ್ಟ ಕಳಕೊಂಡು ಸಾಮಾನ್ಯರ ನಡುವೆ ಬಂದು ನೆಲೆಸಿದ ರಾಜವಂಶದ ಕುಡಿಗಳನ್ನು ಜನ ರಾಜನ ಮನೆಯವರು ಅಂತ ಕರೆದು ಕರೆದು, ಆ ಕರೆಯೇ ಅಡ್ಡಹೆಸರಾಯಿತು. ಸಿಂಹಾಸನದ ಮೇಲೆ ಇದ್ದಾಗ ಅವರಿಗೆ ಆ ಹೆಸರಿನ ಅಗತ್ಯವೇ ಇರಲಿಲ್ಲ. ಜೆಂಗ್ ಅನ್ನುವುದು ಒಂದು ಪುಟ್ಟ ರಾಜ್ಯ. ಕ್ರಿಸ್ತಪೂರ್ವ 375ರಲ್ಲಿ ನೆರೆಯ ಹಾನ್ ರಾಜ್ಯ ಅದನ್ನು ನುಂಗಿತು. ದೇಶ ಹೋದವರು ದೇಶದ ಹೆಸರನ್ನು ಮನೆತನಕ್ಕೆ ಇಟ್ಟುಕೊಂಡರು. ಇವತ್ತಿಗೂ ಲಕ್ಷಾಂತರ ಜನ ಜೆಂಗ್ ಅಂತ ಸಹಿ ಹಾಕುತ್ತಾರೆ.

ನಮ್ಮಲ್ಲಿ ನೋಡಿ. ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು, ಬಾಳಿದ್ದು ಧಾರವಾಡದಲ್ಲಿ, 2015ರ ಆಗಸ್ಟ್ 30ರಂದು ಗುಂಡಿಗೆ ಬಲಿಯಾದದ್ದೂ ಧಾರವಾಡದ ತಮ್ಮ ಮನೆ ಬಾಗಿಲಲ್ಲಿ. ಶಾಸನಗಳ ಒಂದೊಂದು ಅಕ್ಷರಕ್ಕೂ ಲೆಕ್ಕ ಕೇಳಿದ ಆ ಮಹಾನುಭಾವರ ಹೆಸರಿನ ಹಿಂದೆ ನಮ್ಮ ಊರು ಇದೆ ಅನ್ನುವುದು ನನಗೆ ಯಾವತ್ತಿಗೂ ಹೆಮ್ಮೆ, ಈಗ ನೋವೂ ಹೌದು. ಕಲಬುರಗಿಯಲ್ಲೇ ಕೂತವನನ್ನು ಕಲಬುರಗಿಯವ ಅಂತ ಕರೆದರೆ ಯಾರಿಗೆ ಗುರುತು ಸಿಗುತ್ತದೆ? ಊರು ಬಿಟ್ಟು ಬೇರೆ ಊರಿನ ಅಗಸಿ ದಾಟಿದ ಮೇಲೆಯೇ ಬಿಟ್ಟ ಊರು ಹೆಸರಿಗೆ ಅಂಟಿಕೊಳ್ಳುವುದು. ಚೀನದ ಜೆಂಗ್ ಮನೆತನ ಮತ್ತು ನಮ್ಮ ಕಲಬುರ್ಗಿ ಮನೆತನ, ಎರಡೂ ಹಿಂದೆ ಬಿಟ್ಟುಬಂದದ್ದರ ಹೆಸರುಗಳು.

ಆದರೆ ನನಗೆ ಎಲ್ಲರಿಗಿಂತ ಹತ್ತಿರದ ಬಂಧುವಾಗಿ ಕಂಡವನು ಸಿಮಾ ಚ್ಯೆನ್. ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನದ ಮಹಾ ಇತಿಹಾಸ ಬರೆದವನು. ಚೀನೀಯರ ಅಡ್ಡಹೆಸರು ಸಾಮಾನ್ಯವಾಗಿ ಒಂದೇ ಅಕ್ಷರ. ಸೊಂಗ್ ದೊರೆಗಳ ಕಾಲದಲ್ಲಿ ಮಕ್ಕಳ ಬಾಯಿಪಾಠಕ್ಕೆಂದು ಹೊಂದಿಸಿದ 'ನೂರು ಮನೆತನಗಳು' ಅನ್ನುವ ಪಟ್ಟಿಯಲ್ಲಿ, ಹೆಸರಿಗೆ ನೂರು, ಇರುವುದು 504. ದೊರೆಯ ಮನೆತನ ಜಾವ್ ಆದ್ದರಿಂದ ಪಟ್ಟಿಯ ಮೊದಲನೇ ಹೆಸರೂ ಜಾವ್. ನಮ್ಮ ಜಾತ್ರೆಯ ಮೊದಲನೇ ಕಾಯಿಯಂತೆ. ಆ 504ರಲ್ಲಿ 444 ಒಂಟಿ ಹೆಸರು, ಜೋಡಿ ಹೆಸರು 60 ಮಾತ್ರ. ಆ ಜೋಡಿಯವರಲ್ಲಿ ಸಿಮಾ ಒಂದು. ಸಿ ಅಂದರೆ ನೋಡಿಕೊಳ್ಳುವವ, ಮಾ ಅಂದರೆ ಕುದುರೆ. ಹಳೇ ಚೌ ದೊರೆಗಳ ಆಸ್ಥಾನದಲ್ಲಿ ಸೈನ್ಯ ನೋಡಿಕೊಳ್ಳುವವನ ಹುದ್ದೆ ಅದು. ತನ್ನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಚ್ಯೆನ್ ತನ್ನ ಮನೆತನದ ಕಥೆಯನ್ನು ಚೌ ದೊರೆಗಳಿಗೂ ಹಿಂದಿನ ಕಾಲದಿಂದ ಹಿಡಿದು ಹೇಳಿಕೊಂಡು ಬರುತ್ತಾನೆ. ಸಿಮಾ ಅಂದರೆ ಕುದುರೆ ಕಾಯುವವನಲ್ಲ, ಸೇನಾಪತಿ. ಸಿಮಾ ಅನ್ನುವ ಮಾತನ್ನು ಬಿಡಿಬಿಡಿಯಾಗಿ ಓದಿ, ನಿಮ್ಮ ಹಿರಿಯರು ಲಾಯದಲ್ಲಿ ಹುಲ್ಲು ಹಾಕುತ್ತಿದ್ದರು ಅಂತ ಅಲ್ಲಿಯೂ ಯಾವನೋ ಮಾಸ್ತರ ಯಾವುದೋ ಹುಡುಗನಿಗೆ ಹೇಳಿರಬಹುದು, ಆ ಹುಡುಗ ಮನೆಗೆ ಹೋಗಿ ಮುದಿ ಕುದುರೆಯೊಂದನ್ನು ಪ್ರೀತಿಯಿಂದ ಸವರಿರಬಹುದು.

ಇನ್ನೊಂದು ವಿಷಯ, ಇದನ್ನು ಹೇಳದೆ ಮುಂದೆ ಹೋಗಲಾರೆ. ಚೀನೀಯರು ಮನೆತನದ ಹೆಸರನ್ನು ಮೊದಲು ಹೇಳಿ ಆಮೇಲೆ ಸ್ವಂತ ಹೆಸರು ಹೇಳುತ್ತಾರೆ. ಇದೇನು ತಿರುವುಮುರುವು ಅಂತ ಅನಿಸಬಹುದು. ಆದರೆ ನಮ್ಮ ಹಳ್ಳಿಯಲ್ಲಿ ಯಾವತ್ತಾದರೂ ನನ್ನನ್ನು ಹೆಸರು ಮುಂದೆ, ಅಡ್ಡಹೆಸರು ಹಿಂದೆ ಮಾಡಿ ಯಾರಾದರೂ ಕರೆದಿದ್ದಾರೆಯೇ? ಮಾಲಿಪಾಟೀಲರ ಹುಡುಗ, ಕುಂಬಾರರ ಮುದುಕ, ಹೂಗಾರರ ಸೊಸೆ. ಮನೆ ಮೊದಲು, ಮನುಷ್ಯ ಆಮೇಲೆ. ಕಮಲಾಪುರ ದಾಟಿ ಮುಂದೆ ಹೋದರೆ ಬಸವಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಕೂಡಿದ ಶರಣರ ಹೆಸರು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಮಡಿವಾಳ ಮಾಚಿದೇವ. ಅಂಬಿಗರ ಚೌಡಯ್ಯ. ಡೋಹರ ಕಕ್ಕಯ್ಯ. ಮೇದಾರ ಕೇತಯ್ಯ. ಹಡಪದ ಅಪ್ಪಣ್ಣ. ನುಲಿಯ ಚಂದಯ್ಯ. ಆಯ್ದಕ್ಕಿ ಲಕ್ಕಮ್ಮ. ಕಾಯಕ ಮುಂದೆ ನಿಂತು ದಾರಿ ತೋರಿಸುತ್ತದೆ, ಹೆಸರು ಹಿಂದೆ ಬರುತ್ತದೆ. ಶಾಲೆಯ ದಾಖಲೆಯ ಪುಸ್ತಕ ಬಂದು, ಮೊದಲು ನಿನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಅಂತ ಮೂರು ಖಾನೆ ಹಾಕಿದ ಮೇಲೆ ನಾವು ತಿರುಗಿ ನಿಂತೆವು. ಬೆಂಗಳೂರಿನ ಕಡೆಗೆ ಹೋದರೆ ಖಾನೆಯೇ ಬೇರೆ. ಅಲ್ಲಿ ಊರೂ ಅಪ್ಪನೂ ಕೂಡಿ ಎರಡು ಇನಿಷಿಯಲ್ ಆಗಿ ಹೆಸರಿನ ಮುಂದೆ ಚುಕ್ಕೆ ಇಟ್ಟುಕೊಂಡು ಕೂತಿರುತ್ತಾರೆ. ಒಂದು ಕಚೇರಿಯಲ್ಲಿ ನನ್ನನ್ನು ಮಲ್ಲಿಪಾಟೀಲ ಅಂತ ಬರೆದು, ಅದನ್ನು ತಿದ್ದಿಸಲು ನಾನು ಆರು ತಿಂಗಳು ಅಲೆದದ್ದೂ ಈ ಖಾನೆಗಳ ಪ್ರಸಾದವೇ. ತಿದ್ದುವವರಿಗೆ ಮಲ್ಲಿ ಅಂದರೆ ಗೊತ್ತು, ಮಾಲಿ ಅಂದರೆ ಗೊತ್ತು, ಮಾಲ್ ಗೊತ್ತಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಅಡ್ಡಹೆಸರು ಅಂದರೆ ಬರೀ ಹೆಮ್ಮೆಯ ಆಭರಣ ಅಂತ ನೀವು ತಿಳಿಯಬಾರದು. ಪಾಟೀಲ ಕಟ್ಟಿಯ ಮೇಲೆ ಕೂತವನು. ಕಟ್ಟಿಯ ಕೆಳಗೆ ನಿಂತವರಿಗೂ ಹೆಸರುಗಳಿವೆ. ತಳವಾರ ರಾತ್ರಿಯೆಲ್ಲ ಊರು ಕಾದ. ವಾಲೀಕಾರ, ಅಂದರೆ ಹಳೇ ಓಲೆಕಾರ, ಪಾಟೀಲನ ಮಾತನ್ನು ಊರಿಂದ ಊರಿಗೆ ಹೊತ್ತು ಬಿಸಿಲಲ್ಲಿ ನಡೆದ. ಅವರಿಂದ ಬಿಟ್ಟಿ ಚಾಕರಿ ಮಾಡಿಸಿಕೊಂಡ ವಾಡೆಗಳು ನಮ್ಮ ಸೀಮೆಯಲ್ಲಿ ಕಡಿಮೆ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಸ್ಥಾನ ಲೇವಿ ಜೋಳ ಎತ್ತಿದಾಗ ಅದನ್ನು ನೆಲದೊಳಗಿನ ಹಗೇವಿನಿಂದ ತೆಗೆಸಿದವನೂ ಊರಿನ ಪಟೇಲನೇ. ನಮ್ಮ ಮುತ್ಯಾ ಅದನ್ನು ಮಾಡಿದ್ದ. ಮುಪ್ಪಿನಲ್ಲಿ ಅವನಿಗೆ ಆ ಒಂದು ವರ್ಷದ ನೆನಪು ಬಂದರೆ ಊಟ ಬಿಟ್ಟು ಏಳುತ್ತಿದ್ದ. "ಹಗೇದಾಗಿನ ಜ್ವಾಳ ತಗಿಸೀನಿ, ಆ ಮನಿ ಕೂಸಿನ ಮಾರಿ ಇನ್ನೂ ಕಾಣತದ" ಅಂತ ಆಯಿಯ ಮುಂದೆ ಅಂದದ್ದನ್ನು ನಾನು ಕೇಳಿದ್ದೇನೆ. ಮಾಲ್ ಅನ್ನುವ ಮಾತಿನ ಅರ್ಥ ಚಾಚಾನ ಚೀಟಿಯಲ್ಲಿ ಅರ್ಧ, ಮುತ್ಯಾನ ಈ ಮಾತಿನಲ್ಲಿ ಇನ್ನರ್ಧ. ಕಟ್ಟಿಯ ಕೆಳಗಿನ ಆ ಹೆಸರನ್ನು ಸಾಹಿತ್ಯದ ಎತ್ತರಕ್ಕೆ ಒಯ್ದವರು ನಮ್ಮ ಚೆನ್ನಣ್ಣ ವಾಲೀಕಾರರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅವರು ಮಾತಾಡಲು ನಿಂತರೆ ಸಭೆಯ ಕೊನೆಯ ಸಾಲಿನ ತನಕ ಕಿವಿ ನೆಟ್ಟಗಾಗುತ್ತಿತ್ತು. ಓಲೆ ಹೊತ್ತವನ ಹೆಸರು ಕವಿಯ ಹೆಸರಾಯಿತು. ಪಾಟೀಲರ ಹೆಸರಿಗೆ ಅಂಥ ಭಾಗ್ಯ ನಾವು ಯಾರೂ ತಂದುಕೊಡಲಿಲ್ಲ.

ಹುದ್ದೆ ಹೋಯಿತು. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಹೋಯಿತು, 1956ರ ನವೆಂಬರ್ 1ಕ್ಕೆ ನಾವು ಕನ್ನಡ ನಾಡಿಗೆ ಸೇರಿದೆವು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1961ರಲ್ಲಿ ಆಗಿ, 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲಕಿ, ಕುಲಕರ್ಣಿಕಿ, ತಳವಾರಿಕೆ ಎಲ್ಲ ಒಂದೇ ದಿನ ಮುಗಿಯಿತು. ಆಗ ನಾನು ಐದು ವರ್ಷದವನು. ಸರಕಾರದ ಲೆಕ್ಕಿಗ ಬಂದು ದಫ್ತರ ಎಣಿಸಿಕೊಂಡು ಹೋದ ದಿನ ಮುತ್ಯಾ ಹಿತ್ತಲಿಗೆ ಹೋಗಿ ನಾಲ್ಕು ಬಾಳೆಗಿಡ ನೆಟ್ಟ ಅಂತ ಆಯಿ ಹೇಳಿದ್ದು ನನಗೆ ಬಹಳ ವರ್ಷದ ಮೇಲೆ. ಆ ಗಿಡಗಳ ವಯಸ್ಸು ನನಗಿಂತ ಐದು ವರ್ಷ ಕಡಿಮೆ. ಮಹೋದ್ಯಾನದ ಅವಶೇಷ ಅಂತ ನಾನು ಪೂಜಿಸಿದ್ದು ಅವನ್ನು.

ಒಂದು ಮಾತು ಗಮನಿಸಿ. 1931ರ ಕಾಗದದಲ್ಲಿ ಮಾಲೀ ಪಟೇಲ್ ಅನ್ನುವುದು ನಮ್ಮ ಮುತ್ಯಾನ ಕೆಲಸ. ನನ್ನ ಶಾಲೆಯ ಪುಸ್ತಕದಲ್ಲಿ ಅದೇ ಮಾತು ಅಡ್ಡಹೆಸರು. ಕೆಲಸ ಕೈಯಲ್ಲಿದ್ದಾಗ ಅದು ಯಾರಿಗೂ ಅಡ್ಡಹೆಸರಾಗಿ ಬೇಕಾಗಿರಲಿಲ್ಲ, ಕೆಲಸ ಕೈಬಿಟ್ಟ ಮೇಲೆ ಮೊಮ್ಮಕ್ಕಳ ಹೆಸರಿಗೆ ಬಂದು ಕೂತಿತು. ವಾಂಗ್ ಮನೆತನದವರಿಗೆ ಸಿಂಹಾಸನ ಹೋದ ಮೇಲೆ ಆದದ್ದು, ಜೆಂಗ್ ಜನಕ್ಕೆ ದೇಶ ಹೋದ ಮೇಲೆ ಆದದ್ದು, ಕಮಲಾಪುರ ಸೀಮೆಯ ನಮಗೆ ಊರಿನ ದಫ್ತರ ಹೋದ ಮೇಲೆ ಆಯಿತು. ಆಳಂದ ದಾಟಿ ಮಹಾರಾಷ್ಟ್ರದ ಗಡಿಯೊಳಗೆ ಕಾಲಿಟ್ಟರೆ ಪೊಲೀಸ್ ಪಾಟೀಲ ಇವತ್ತಿಗೂ ಸರಕಾರ ನೇಮಿಸುವ ಹುದ್ದೆ, 1967ರ ಕಾನೂನಿನ ಪ್ರಕಾರ. ಅಲ್ಲಿ ಆ ಹೆಸರಿನವ ಬಾಗಿಲು ಬಡಿದರೆ ಏನೋ ವಿಚಾರಣೆ ಇದೆ ಅಂತ ಅರ್ಥ. ಇಲ್ಲಿ ಬಡಿದರೆ ನಮ್ಮ ಬೀಗರು ಊಟಕ್ಕೆ ಬಂದಿದ್ದಾರೆ ಅಂತ ಅರ್ಥ.

ಮುಂದಿನ ಐತವಾರ ನಾನೇ ಫೋನು ಮಾಡಿ ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಹಗೇವಿನ ಜೋಳದ ಮಾತನ್ನೂ ಬಿಡಲಿಲ್ಲ. ಚಿತ್ರ ಹರಿಯಬೇಡ, ನಾಲ್ಕು ಬಾಳೆಗಿಡ ಬರೆದು ಅದನ್ನೇ ಇಟ್ಟುಕೋ ಅಂದೆ. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಚೀನೀ ಭಾಷೆಯಲ್ಲಿ ಮನೆತನದ ಹೆಸರಿಗೆ ಇರುವ ಮಾತು 'ಶಿಂಗ್'. ಅದನ್ನು ಬರೆಯುವಾಗ ಎಡಕ್ಕೆ ಹೆಣ್ಣು ಅಂತ ಬರೆದು ಬಲಕ್ಕೆ ಹುಟ್ಟು ಅಂತ ಬರೆಯುತ್ತಾರೆ. ಚೌ ದೊರೆಗಳ ಕಾಲದಲ್ಲಿ ಶಿಂಗ್ ಹೊತ್ತು ನಡೆದವರು ಹೆಂಗಸರು, ಒಂದೇ ಶಿಂಗ್ ಇದ್ದರೆ ನಮ್ಮ ಒಂದೇ ಬೆಡಗಿನವರಂತೆ ಮದುವೆ ಕೂಡದು. ಇವತ್ತಿಗೂ ಚೀನದಲ್ಲಿ ಹೆಣ್ಣು ಮದುವೆಯಾದ ಮೇಲೆ ತವರಿನ ಹೆಸರು ಬಿಡುವುದಿಲ್ಲ. "ಹಾಗಾದ್ರೆ ನಾನು ಅಮ್ಮನ ಹೆಸರನ್ನೂ ಬರೀತೀನಿ" ಅಂದಳು. ಬರೆದಳು. ಹಾಳೆಯ ಮೇಲೆ ಮಾಲಿಪಾಟೀಲ, ಪೊಲೀಸ್‌ಪಾಟೀಲ ಎರಡೂ ಇವೆ. ಪಾಪ, ಆ ಶಾಲೆಯ ಟೀಚರು ಅದನ್ನು ಒಂದೇ ಉಸಿರಿನಲ್ಲಿ ಓದಬೇಕಾಯಿತು.

ನಿಮ್ಮ ಮನೆಯಲ್ಲೂ ಒಂದು ಟ್ರಂಕು ಇರಬಹುದು. ಅದರಲ್ಲಿ ಉರ್ದು ಕಾಗದವೋ ಮೋಡಿ ಲಿಪಿಯ ಕಾಗದವೋ ಇದ್ದರೆ ಗೆದ್ದಲು ಮುಟ್ಟುವ ಮೊದಲು ತೆಗೆಯಿರಿ. ಓದಬಲ್ಲ ಹಿರಿಯರು ನಿಮ್ಮ ಓಣಿಯಲ್ಲೇ ಇದ್ದಾರು, ಈ ವಾರವೇ ಹೋಗಿ ಕೇಳಿ. ರೋಜಾದ ನಮ್ಮ ಚಾಚಾ ಈಗ ಇಲ್ಲ. ಆ ಗಂಟಿನಲ್ಲಿ ಅವರು ಓದದೇ ಉಳಿದ ಹನ್ನೊಂದು ಕಾಗದಗಳು ನನ್ನ ಹತ್ತಿರ ಹಾಗೇ ಇವೆ.